ಪ್ರಾರ್ಥನೆ ವಿಷಯ ಅಂತ ಊರೆಲ್ಲಾ ಹಂಚಬೇಡಿ

ಎಲ್ಲರಿಗೂ ನಮಸ್ಕಾರ. ಇವತ್ತು ಸ್ವಲ್ಪ ಖಾರವಾಗಿಯೇ ಮಾತಾಡುತ್ತೇನೆ, ಹಿರಿಯರು ಬೇಜಾರು ಮಾಡಿಕೊಳ್ಳಬಾರದು.

ನಮ್ಮ ಹುಬ್ಬಳ್ಳಿ-ಧಾರವಾಡದ ಕ್ರೈಸ್ತ ಸಭೆಗಳಲ್ಲಿ ಗುಟ್ಟು ನಿಲ್ಲುವುದಿಲ್ಲ. ಭಾನುವಾರ ಆರಾಧನೆ ಮುಗಿದ ಮೇಲೆ ಒಬ್ಬರ ಕಿವಿಯಲ್ಲಿ ಹೇಳಿದ್ದು ಸಂಜೆಯೊಳಗೆ ಗದಗ-ಬೆಟಗೇರಿ ಮುಟ್ಟಿರುತ್ತದೆ. ನಾವು ಇರುವುದೇ ಸ್ವಲ್ಪ ಜನ, ಅದರಲ್ಲೂ ಯಾರನ್ನು ಕೇಳಿದರೂ ಬೀಗರೇ. ಸ್ವಿಟ್ಜರ್ಲೆಂಡಿನಿಂದ ಬಂದ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಆಗ ಕ್ರೈಸ್ತರಾದವರಲ್ಲಿ ಎಷ್ಟೋ ಜನರಿಗೆ ಹುಟ್ಟಿದ ಮನೆಯೂ ಇಲ್ಲ, ಜಾತಿಯೂ ಇಲ್ಲ ಅನ್ನುವಂತಾಯಿತು. ಹೆಣ್ಣು ಕೊಡುವುದು, ತರುವುದು, ಸಾವು, ಸಾಲ ಎಲ್ಲಾ ಅವರವರಲ್ಲೇ. ಒಬ್ಬರನ್ನೊಬ್ಬರು ಬಿಡದೆ ಇದ್ದದ್ದಕ್ಕೇ ಅವರ ನಂಬಿಕೆ ಉಳಿಯಿತು. ಅದೇ ಒಗ್ಗಟ್ಟು ಈಗ ಸುದ್ದಿ ಓಡಿಸುವುದಕ್ಕೆ ಜಾಸ್ತಿ ಉಪಯೋಗ ಆಗುತ್ತಿದೆ.

ಸುದ್ದಿ ಅಂತ ನಾವು ಕರೆಯುವುದಿಲ್ಲ ಬಿಡಿ. ‘ಪ್ರಾರ್ಥನೆ ವಿಷಯ’ ಅಂತೀವಿ. "ಅವರ ಮನೆಯವರು ಮತ್ತೆ ಕುಡೀತಿದ್ದಾರಂತೆ, ಪ್ರಾರ್ಥನೆಯಲ್ಲಿ ನೆನೆಸಿಕೊಳ್ಳಿ." ಹೀಗೆ ವಾಟ್ಸಾಪ್ ಗ್ರೂಪಿಗೆ ಹಾಕಿ, ಕೆಳಗೆ ಕೈ ಮುಗಿದ ಚಿತ್ರ. ಆ ಮನೆಯ ಹೆಂಗಸು ಮುಂದಿನ ವಾರ ಯಾವ ಮುಖ ಹೊತ್ತು ಆರಾಧನೆಗೆ ಬರಬೇಕು? ಬರುವುದಿಲ್ಲ. ಆಮೇಲೆ ನಾವೇ, "ಅವರು ವಿಶ್ವಾಸದಲ್ಲಿ ಹಿಂದೆ ಬಿದ್ದಿದ್ದಾರೆ" ಅಂತ ಇನ್ನೊಂದು ಪ್ರಾರ್ಥನೆ ವಿಷಯ ಮಾಡುತ್ತೇವೆ.

ಅದಕ್ಕೇ ನನ್ನ ಮಾತು ಇಷ್ಟು. ಕಷ್ಟದಲ್ಲಿ ನಂಬಿಕೆ ಉಳಿಸುವ ಸ್ನೇಹಿತ ಅಂದರೆ ಮೊದಲು ಬಾಯಿ ಮುಚ್ಚಿಕೊಂಡಿರುವವನು. ವಚನ ಹೇಳುವುದು ಆಮೇಲಿನ ಮಾತು.

ಬೈಬಲ್ಲಿನಲ್ಲಿ 1 ಸಮುವೇಲನ 23ನೇ ಅಧ್ಯಾಯ ತೆಗೆದು ನೋಡಿ. ರಾಜ ಸೌಲ ದಾವೀದನನ್ನು ಕೊಲ್ಲಬೇಕು ಅಂತ ದಿನಾ ಹುಡುಕುತ್ತಿದ್ದಾನೆ. ದಾವೀದ ಆಗಷ್ಟೇ ಕೆಯೀಲಾ ಊರನ್ನು ಫಿಲಿಷ್ಟಿಯರಿಂದ ಬಿಡಿಸಿದ್ದ. ಅದೇ ಊರಿನವರು ತನ್ನನ್ನು ಸೌಲನಿಗೆ ಒಪ್ಪಿಸುತ್ತಾರೆ ಅಂತ ದೇವರಿಂದ ತಿಳಿದು ಅಲ್ಲಿಂದ ಓಡಿಬಂದ. ಇತ್ತ ಜೀಫಿನವರು ಸೌಲನ ಹತ್ತಿರ ಹೋಗಿ, ಅವನು ಅಡಗಿರುವ ಜಾಗ ಇಂಥದ್ದೇ ಅಂತ ಹೇಳಿಬಿಡುತ್ತಾರೆ. ಈ ಎರಡು ದ್ರೋಹಗಳ ನಡುವೆ ಒಂದು ಸಣ್ಣ ಭಾಗ ಇದೆ. ಸೌಲನ ಮಗ ಯೋನಾತಾನ ಕಾಡಿಗೆ ಬಂದು, ಹೆದರಬೇಡ ಅಂತ ಹೇಳಿ, ದಾವೀದನನ್ನು ದೇವರಲ್ಲಿ ಬಲಪಡಿಸುತ್ತಾನೆ. ಇಬ್ಬರೂ ಒಡಂಬಡಿಕೆ ಮಾಡಿಕೊಳ್ಳುತ್ತಾರೆ. ಯೋನಾತಾನ ಮನೆಗೆ ಹೋಗುತ್ತಾನೆ, ದಾವೀದ ಕಾಡಿನಲ್ಲೇ ಉಳಿಯುತ್ತಾನೆ.

ಏನು ಬದಲಾಯಿತು? ಸೌಲ ಬೆನ್ನು ಹತ್ತುವುದು ನಿಂತಿಲ್ಲ, ಕಾಡು ತಪ್ಪಿಲ್ಲ. ಆದರೆ ಜಾಗ ಗೊತ್ತಿದ್ದೂ ಯೋನಾತಾನ ಬಾಯಿ ಬಿಡಲಿಲ್ಲ, ಅದೂ ಹುಡುಕುತ್ತಿದ್ದವನು ಅವನ ಅಪ್ಪನೇ ಆಗಿದ್ದಾಗ. ಈ ಭಾಗದ ಮೇಲೆ ಸ್ನೇಹದ ಪ್ರಸಂಗ ಬೇಕಾದಷ್ಟು ಕೇಳಿದ್ದೇನೆ. ಆ ಮೌನದ ಬಗ್ಗೆ ಯಾರೂ ಹೇಳಿದ್ದು ಕೇಳಿಲ್ಲ.

ನನಗೆ ಗೊತ್ತಿರುವ ಇಬ್ಬರು ಗೆಳತಿಯರಿದ್ದಾರೆ. ಒಬ್ಬರು ಕೇಶ್ವಾಪುರದವರು, ಇನ್ನೊಬ್ಬರು ಧಾರವಾಡದವರು. ಕೇಶ್ವಾಪುರದವರ ಗಂಡನ ಕೆಲಸ ಹೋಯಿತು, ಕುಡಿತ ಜೋರಾಯಿತು. ಧಾರವಾಡದ ಅಕ್ಕ ವಾರಕ್ಕೊಮ್ಮೆ ಚಿಗರಿ ಬಸ್ ಹತ್ತಿ ಬರುತ್ತಿದ್ದರು. ಬೈಬಲ್ ಸ್ಟಡಿ ಅಂತೇನೂ ಇಲ್ಲ, ಸುಮ್ನೆ ಜೊತೆಗೆ ಕೂತು ರೊಟ್ಟಿ ಬಡಿಯುವುದು. ಒಂದಿನ ಈಕೆ ಹೇಳಿದರಂತೆ: "ಅಕ್ಕಾ, ನನಗ ಪ್ರಾರ್ಥನಾ ಬರವಲ್ತು." ಅದಕ್ಕೆ ಅವರು: "ನೀ ಮಾಡಬ್ಯಾಡ. ನಿನ್ನ ಪಾಲಿಂದೂ ನಾ ಮಾಡ್ತೇನಿ, ನೀ ರೊಟ್ಟಿ ಬಡಿ." ಆಮೇಲೆ ಓದಿದ್ದು 88ನೇ ಕೀರ್ತನೆ. ಯೆಹೋವನು ನನ್ನ ಕುರುಬನು ಅನ್ನುವ 23ನೆಯದಲ್ಲ. 88ರಲ್ಲಿ ಸಮಾಧಾನದ ಕೊನೆಯೇ ಇಲ್ಲ, ಅದು ಕತ್ತಲಲ್ಲೇ ಮುಗಿಯುತ್ತದೆ. ಇಂಥದ್ದೂ ಬೈಬಲ್ಲಿನಲ್ಲಿದೆ ಅಂತ ಗೊತ್ತಾದಾಗ ಎಷ್ಟೋ ಹಗುರ ಆಯಿತು ಅಂದರು ಕೇಶ್ವಾಪುರದವರು. ಇದನ್ನೆಲ್ಲಾ ಅವರೇ ಒಪ್ಪಿ ಹೇಳಿ ಅಂದಿದ್ದಕ್ಕೆ ಹೇಳುತ್ತಿದ್ದೇನೆ. ಇಲ್ಲದಿದ್ದರೆ ನಾನೂ ಅದೇ ಗ್ರೂಪಿನವನಾದೆ, ಅಲ್ವಾ?

ಕಪೆರ್ನೌಮಿನಲ್ಲಿ ಚಾವಣಿ ತೆಗೆದು ಪಾರ್ಶ್ವವಾಯು ರೋಗಿಯನ್ನು ಇಳಿಸಿದವರ ಕಥೆ ಎಲ್ಲರಿಗೂ ಗೊತ್ತು. ಯೇಸು ‘ಅವರ’ ನಂಬಿಕೆಯನ್ನು ನೋಡಿದ ಅಂತ ಮಾರ್ಕ ಬರೆದಿದ್ದಾನೆ. ಹಾಸಿಗೆಯಲ್ಲಿದ್ದವನ ನಂಬಿಕೆ ಎಷ್ಟಿತ್ತು ಅಂತ ಯಾರೂ ಅಳೆಯಲಿಲ್ಲ. ನಂಬಿಕೆ ಕುಸಿದವನು ಮತ್ತೆ ಏಳುವ ತನಕ ಹೊರುವವರು ಬೇಕು. ನೂರಿಪ್ಪತ್ತು ಜನರ ಗ್ರೂಪ್ ಹೊರುವುದಿಲ್ಲ, ಇಬ್ಬರು ಸಾಕು.

ಗುಟ್ಟು ಕಾಯುವುದಕ್ಕೂ ಒಂದು ಮಿತಿ ಇದೆ, ಅದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ಮನೆಯಲ್ಲಿ ಹೊಡೆತ ಬೀಳುತ್ತಿದ್ದರೆ, ಸಾಯಬೇಕು ಅನ್ನಿಸುತ್ತಿದೆ ಅಂತ ಗೆಳೆಯ ಹೇಳಿದರೆ, ಸುಮ್ಮನಿರಬೇಡಿ. ಆದರೆ ಗ್ರೂಪಿಗೂ ಹಾಕಬೇಡಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲೇ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. ಅಲ್ಲಿಗೆ ಹೋದರೆ ಜನ ಏನಂತಾರೋ ಅಂತ ಅವನು ಹಿಂಜರಿದರೆ, ನೀವೂ ಜೊತೆಗೆ ಹೋಗಿ ಚೀಟಿ ಮಾಡಿಸಿ, ಹೊರಗಿನ ಬೆಂಚಿನ ಮೇಲೆ ಕೂತಿರಿ. ಯಾರಾದರೂ ಪರಿಚಯದವರು ಸಿಕ್ಕಿ "ಏನ್ರೀ, ಇಲ್ಲಿ?" ಅಂದರೆ, ನನ್ನದೇ ಕೆಲಸ ಇತ್ತು ಅನ್ನಿ.