ರಿಟೈರ್‌ಮೆಂಟ್ ಮೆಮೊ

ಸಂಘದ ಅಧ್ಯಕ್ಷರೇ, ಹಿರಿಯ ಕಿರಿಯ ವಕೀಲ ಮಿತ್ರರೇ, ಊಟದ ಕೂಪನ್ ಹಿಡಿದು ಹಿಂದಿನ ಸಾಲಿನಲ್ಲಿ ಕೂತಿರುವ ಜೂನಿಯರ್‌ಗಳೇ,

ಡಿಸೆಂಬರ್ 3 ವಕೀಲರ ದಿನ, ಬಾಬು ರಾಜೇಂದ್ರ ಪ್ರಸಾದರ ಹುಟ್ಟಿದ ದಿನ. ಅವರ ಬಗ್ಗೆ ಇದೇ ವೇದಿಕೆಯಲ್ಲಿ ಮೂರು ಸಲ ಮಾತಾಡಿದ್ದೇನೆ. ಮೂರು ಸಲವೂ ಒಂದೇ ಭಾಷಣ, ಯಾರೂ ಪತ್ತೆಹಚ್ಚಲಿಲ್ಲ. ಈ ಸಲ ಫಾಲಿ ನಾರಿಮನ್ ಬಗ್ಗೆ ಮಾತಾಡುತ್ತೇನೆ. ಕಾವೇರಿ ಕೇಸಿನಲ್ಲಿ ಕರ್ನಾಟಕದ ಪರ ವಾದ ಮಾಡಿದವರು, ಮಂಡ್ಯದಲ್ಲಿ ನಿಂತು ಅದನ್ನು ಹೇಳಬೇಕಾಗಿಲ್ಲ. ದೆಹಲಿಯ ಬೇರೆ ಯಾವ ವಕೀಲರ ಹೆಸರೂ ನಮ್ಮ ಗದ್ದೆ ಬದುವಿನ ಮೇಲೆ ಇಷ್ಟು ಓಡಾಡಿಲ್ಲ. ಬೈಗುಳದ ಜೊತೆಗೂ ಓಡಾಡಿದೆ ಅನ್ನಿ. ಇವತ್ತೇ ಅವರನ್ನು ನೆನೆಯೋದಕ್ಕೆ ಇನ್ನೊಂದು ಕಾರಣ ಇದೆ, ಈ ತಾರೀಖಿನದೇ. ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

2016ರ ಸೆಪ್ಟೆಂಬರ್ ನಿಮಗೆ ನೆನಪಿರುತ್ತೆ. ತಮಿಳುನಾಡಿಗೆ ಕಾವೇರಿ ನೀರು ಸುಪ್ರೀಂ ಕೋರ್ಟು ಮೊದಲು 15,000 ಕ್ಯೂಸೆಕ್ ಬಿಡಿ ಅಂತು, ಆಮೇಲೆ 12,000, ಆಮೇಲೆ 6,000. 12ನೇ ತಾರೀಖು ಬೆಂಗಳೂರಲ್ಲಿ ಬಸ್ಸುಗಳು ಉರಿದವು. 23ಕ್ಕೆ ವಿಧಾನಮಂಡಲ ಸೇರಿ, ಇರೋ ನೀರು ಕುಡಿಯೋದಕ್ಕೆ ಮಾತ್ರ ಅಂತ ನಿರ್ಣಯ ಮಾಡಿತು. 30ಕ್ಕೆ ಮತ್ತೆ ಕೇಸು ಬಂತು. ಪೀಠದ ಮೇಲೆ ದೀಪಕ್ ಮಿಶ್ರಾ, ಉದಯ್ ಲಲಿತ್. ನಮ್ಮ ಪರ ಎದ್ದು ನಿಂತವರಿಗೆ 87 ವರ್ಷ. ಎದ್ದವರು, ಕೋರ್ಟಿನ ಆದೇಶ ಪಾಲನೆಯಾಗದೆ ಇರುವಾಗ ರಾಜ್ಯದ ಪರ ನಾನು ವಾದ ಮಾಡಲಾರೆ ಅಂದುಬಿಟ್ಟರು.

ಆವತ್ತು ಸಾಯಂಕಾಲ ಕೋರ್ಟಿನ ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದೆ. ನನ್ನದೊಂದು ಪಾಲಿನ ದಾವೆಯ ಕಕ್ಷಿದಾರ ಬಂದ. ಎರಡೆಕರೆ ಭತ್ತ, ಒಂದೆಕರೆ ಕಬ್ಬು, ನಾಲೆಯ ತುದಿಯ ಜಮೀನು. ಟೀ ಹಿಡಿದುಕೊಂಡ, ಕುಡೀಲಿಲ್ಲ. ‘ಸಾ, ನಮ್ ಕಡೆ ಲಾಯರ್ರು ಬಾಯೇ ಬಿಡ್ಲಿಲ್ವಂತೆ, ದಿಟವಾ?’ ದಿಟ ಅಂದೆ. ‘ಫೀಜು ಇಸ್ಕೊಂಡವ್ರೆ ತಾನೆ?’ ಇಸ್ಕೊಂಡಿರ್ತಾರೆ ಅಂದೆ. ಅವನು ಸ್ವಲ್ಪ ಹೊತ್ತು ನನ್ನ ಕಪ್ಪು ಕೋಟು ನೋಡಿದ. ‘ನೀವೂ ಹಂಗೇ ಮಾಡ್ತೀರಾ?’ ಅಂದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಟೀ ದುಡ್ಡು ಮಾತ್ರ ಕೊಟ್ಟೆ.

ನಾವೂ ಕಡತ ವಾಪಸ್ ಕೊಡ್ತೀವಲ್ಲ ಸ್ವಾಮಿ, ಈ ಕೇಸು ಇನ್ನು ನಾನು ನಡೆಸೋದಿಲ್ಲ ಅಂತ ಕೋರ್ಟಿಗೆ ಬರೆದುಕೊಟ್ಟು. ರಿಟೈರ್‌ಮೆಂಟ್ ಮೆಮೊ ಹಾಕದ ವಕೀಲ ಈ ಸಭಾಂಗಣದಲ್ಲಿ ಯಾರಿದ್ದೀರಿ? ಆದರೆ ಯಾವಾಗ ಹಾಕ್ತೀವಿ? ಫೀಸು ಬಾಕಿ ಬಿದ್ದಾಗ. ಕಕ್ಷಿದಾರ ಕಳ್ಳ ಅಂತ ಗೊತ್ತಾದಾಗ ಅಲ್ಲ, ಕಳ್ಳ ನಮಗೂ ದುಡ್ಡು ಕೊಡಲಿಲ್ಲ ಅಂದಾಗ. ನಾರಿಮನ್ ಆವತ್ತು ಮೆಮೊ ಹಾಕಲಿಲ್ಲ, ಗಮನಿಸಿ. ವಕಾಲತ್ತು ಬಿಡಲಿಲ್ಲ, ಬಾಯಿ ಮಾತ್ರ ಮುಚ್ಚಿದರು. ಅದರ ಲಾಭ ರಾಜ್ಯಕ್ಕೇ ಆಯಿತು ಅನ್ನೋದು ನನ್ನ ವಾದ. ಪೀಠ ಆವತ್ತಿನ ಆದೇಶದಲ್ಲೇ ಅವರ ನಿಲುವನ್ನು ಮೆಚ್ಚಿ ಬರೆಯಿತು. ಹಟ ಹಿಡಿದ ಕಕ್ಷಿದಾರನ ವಕೀಲನ ಮಾತಿಗೆ ಇನ್ನೂ ಬೆಲೆ ಉಳಿದಿದೆ ಅಂದರೆ ಅದು ಸಣ್ಣ ಸಂಗತಿಯೇ? 2017ರ ಅಂತಿಮ ವಿಚಾರಣೆಯಲ್ಲಿ ಇದೇ ಮನುಷ್ಯ ನಮ್ಮ ಪರ ಎದ್ದರು. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ನಮ್ಮ ಪಾಲು 270ರಿಂದ 284.75 ಟಿಎಂಸಿಗೆ ಏರಿತು. ಇದನ್ನು ಅದೇ ಕಕ್ಷಿದಾರನಿಗೆ ಖುಷಿಯಿಂದ ಹೇಳಿದೆ. ಹೆಚ್ಚಿಗೆ ಸಿಕ್ಕಿದ್ದರಲ್ಲಿ ನಾಲ್ಕೂ ಮುಕ್ಕಾಲು ಟಿಎಂಸಿ ಬೆಂಗಳೂರಿಗೆ ಅಂತ ಅವನಿಗೆ ಆಗಲೇ ಗೊತ್ತಿತ್ತು. ‘ಅವ್ರ ನಲ್ಲಿ ಗೆದ್ದದೆ ಬುಡಿ’ ಅಂದ.

ವಿಷಯಕ್ಕೆ ಬರ್ತೀನಿ. ವಕೀಲನ ವೃತ್ತಿಯನ್ನು ಅವನು ಗೆದ್ದ ಕೇಸಿನಿಂದ ಅಳೆಯಬಾರದು, ವಾಪಸ್ ಕೊಟ್ಟ ಕೇಸಿನಿಂದ ಅಳೆಯಬೇಕು. ಇದನ್ನು ನಾನು ನಲವತ್ತು ವರ್ಷದಿಂದ ಹೇಳ್ತಾ ಬಂದಿದ್ದೇನೆ, ನನ್ನ ಮನೆಯವರು ಇನ್ನೂ ಒಪ್ಪಿಲ್ಲ.

1972ರಲ್ಲಿ ನಾರಿಮನ್ ಬಾಂಬೆ ಬಿಟ್ಟು ದೆಹಲಿಗೆ ಬಂದರು, ಕೇಂದ್ರದ ಅಡಿಷನಲ್ ಸಾಲಿಸಿಟರ್ ಜನರಲ್ ಆಗಿ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಮಾರನೇ ದಿನ ನಮ್ಮ ಬೆಂಗಳೂರಿನಲ್ಲೇ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬಂಧನಕ್ಕೊಳಗಾದರು, ಬಂಧಿತರನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಅನ್ನೋ ಹೇಬಿಯಸ್ ಕಾರ್ಪಸ್ ಅರ್ಜಿಗಳು ನಮ್ಮ ಹೈಕೋರ್ಟಿಗೆ ಬಂದವು. ಅದೊಂದು ಬೇರೆಯೇ ಉಪನ್ಯಾಸ, ಮುಂದಿನ ವರ್ಷ ಕರೆದರೆ ಹೇಳ್ತೀನಿ. ನಾರಿಮನ್ 27ನೇ ತಾರೀಖು ರಾಜೀನಾಮೆ ಕೊಟ್ಟರು. ಆಗ 46 ವರ್ಷ. ಇವರ ಕಕ್ಷಿದಾರ ಯಾರು? ಭಾರತ ಸರ್ಕಾರ. ಅದಕ್ಕಿಂತ ದೊಡ್ಡ ಕಕ್ಷಿದಾರ ಈ ದೇಶದಲ್ಲಿ ಇಲ್ಲ, ಫೀಸು ತಡ ಆದರೂ ಬರುತ್ತೆ.

ಮತ್ತೆ 1998. ನರ್ಮದಾ ಅಣೆಕಟ್ಟಿನ ಕೇಸಿನಲ್ಲಿ ಗುಜರಾತಿನ ಪರ ಇದ್ದರು. ಅಲ್ಲಿ ಕ್ರೈಸ್ತರ ಮೇಲೆ ದಾಳಿಗಳಾದವು, ಬೈಬಲ್ ಸುಟ್ಟರು. ಅಣೆಕಟ್ಟಿಗೂ ಬೈಬಲ್ಲಿಗೂ ಏನು ಸಂಬಂಧ? ಕಾನೂನಿನಲ್ಲಿ ಏನೂ ಇಲ್ಲ. ಆದರೂ ಕಡತ ವಾಪಸ್ ಕೊಟ್ಟರು.

ಈಗ ಹಿಂದಿನ ಸಾಲಿನ ಜೂನಿಯರ್‌ಗಳು ಮನಸ್ಸಿನಲ್ಲೇ ಕೇಳ್ತಿರೋದು ನನಗೆ ಕೇಳಿಸ್ತಿದೆ. ಸಾರ್, ಅವರಿಗೇನು, ನಮಗೆ ಚೆಕ್ ಬೌನ್ಸ್ ಕೇಸು ಬಿಟ್ಟರೆ ಮನೆ ಬಾಡಿಗೆಗೆ ಗತಿಯಿಲ್ಲ. ಸರಿಯಾದ ಮಾತು. ನಾರಿಮನ್ ಬರೀ ಸಂವಿಧಾನ ಓದಿ ಬೆಳೆದವರಲ್ಲ. ರಂಗೂನಿನಲ್ಲಿ ಹುಟ್ಟಿ, 1942ರಲ್ಲಿ ಜಪಾನೀಯರಿಂದ ತಪ್ಪಿಸಿಕೊಂಡು ಕಾಡುದಾರಿಯಲ್ಲಿ ಇಂಡಿಯಾಗೆ ಬಂದ ಮನೆತನದ ಹುಡುಗ. 1950ರಲ್ಲಿ ಸನ್ನದು, ಬಾಂಬೆಯಲ್ಲಿ ಜಮ್ಷೆಡ್ಜಿ ಕಾಂಗಾ ಅವರ ಚೇಂಬರು. ಸಂವಿಧಾನದ ಕೇಸುಗಳಲ್ಲಿ ದೊಡ್ಡ ಹೆಸರಾದ ಸೀರ್ವಾಯಿ, ಪಾಲ್ಖಿವಾಲಾ ಬಂದ ಚೇಂಬರೂ ಅದೇ. ಆ ಊರಿನಲ್ಲಿ ವಕೀಲಿಕೆ ಅಂದರೆ ಕಂಪನಿ, ಕರಾರು, ತೆರಿಗೆ. ಮುಂದೆ ಅವರು ಅಂತರರಾಷ್ಟ್ರೀಯ ವಾಣಿಜ್ಯ ಮಧ್ಯಸ್ಥಿಕೆಯಲ್ಲಿ ಜಗತ್ತಿಗೇ ದೊಡ್ಡ ಹೆಸರಾದರು. ಕಂಪನಿಗಳ ಜಗಳ ಮನೆ ನಡೆಸಿತು, ಆದ್ದರಿಂದ ಸ್ವಾತಂತ್ರ್ಯದ ಕೇಸಿನಲ್ಲಿ ಸ್ವತಂತ್ರವಾಗಿರೋದಕ್ಕೆ ಸಾಧ್ಯವಾಯಿತು. ದುಡ್ಡಿನ ಕೇಸು ಕೀಳು, ಹಕ್ಕಿನ ಕೇಸು ಮೇಲು ಅನ್ನೋ ಮಡಿವಂತಿಕೆ ನನಗಿಲ್ಲ. ಭತ್ತ ಬೆಳೆಯೋನೂ ಕಾಸಿಗೆ ಅಂತ ಒಂದೆಕರೆ ಕಬ್ಬು ಹಾಕ್ತಾನೆ.

ಒಂದು ತಕರಾರಿಗೆ ಉತ್ತರ ಹೇಳಿಬಿಡ್ತೀನಿ, ಇಲ್ಲದಿದ್ದರೆ ಊಟದ ಹೊತ್ತಿನಲ್ಲಿ ಹಿಡ್ಕೋತೀರಿ. 2014ರ ಅಕ್ಟೋಬರ್. ಬೆಂಗಳೂರಿನ ವಿಶೇಷ ಕೋರ್ಟು ಜಯಲಲಿತಾಗೆ ಶಿಕ್ಷೆ ವಿಧಿಸಿತ್ತು. ಸುಪ್ರೀಂ ಕೋರ್ಟಿನಲ್ಲಿ ಜಾಮೀನು ಕೇಳಿದವರು ಯಾರು? ನಮ್ಮ ಕಾವೇರಿ ವಕೀಲರು! ಕೊಟ್ಟ ಪೀಠದ ಮುಖ್ಯಸ್ಥರು ಯಾರು? ನಮ್ಮ ಚಿಕ್ಕಮಗಳೂರು ಜಿಲ್ಲೆಯ ಎಚ್.ಎಲ್. ದತ್ತು! ಇಲ್ಲಿ ಎಷ್ಟು ಜನ ಕೂಗಾಡಿದಿರಿ, ನಾನೂ ಇದ್ದೆ ಅನ್ನಿ. ಆದರೆ ಬಾರ್ ಕೌನ್ಸಿಲ್ ನಿಯಮ ಓದಿ. ತಕ್ಕ ಫೀಸು ಕೊಟ್ಟು ಬಂದವನ ಕೇಸು ಹಿಡಿಯೋದು ವಕೀಲನ ಕರ್ತವ್ಯ, ಬೇಡ ಅನ್ನೋದಕ್ಕೆ ವಿಶೇಷ ಕಾರಣ ಬೇಕು.

ಚೀಟಿ ಬಂತು. ‘ಐದು ನಿಮಿಷ’ ಅಂತ ಬರೆದಿದ್ದಾರೆ, ಮೊದಲು ‘ಹತ್ತು’ ಅಂತ ಬರೆದು ಹೊಡೆದುಹಾಕಿದ್ದೂ ಕಾಣ್ತಿದೆ. ಗೋಲಕನಾಥ್ ಕೇಸಿನ ಬಗ್ಗೆ ಎರಡು ಪುಟ ಬರೆದುಕೊಂಡಿದ್ದೆ, ಬಿಟ್ಟೆ. ನಮ್ಮ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಕೇಸು, 2002, ಹನ್ನೊಂದು ನ್ಯಾಯಾಧೀಶರು, ಅದನ್ನೂ ಬಿಟ್ಟೆ. 1993ರಲ್ಲಿ ನ್ಯಾಯಾಧೀಶರ ನೇಮಕಾತಿಯ ಕೇಸು ಗೆದ್ದುಕೊಟ್ಟು, ನ್ಯಾಯಾಧೀಶರೇ ನ್ಯಾಯಾಧೀಶರನ್ನು ಆರಿಸೋ ಕೊಲಿಜಿಯಂ ಬಂದಮೇಲೆ, ಅದನ್ನು ಸೋತಿದ್ದರೇ ಚೆನ್ನಾಗಿತ್ತು ಅಂತ ತಾವೇ ಬರೆದುಕೊಂಡರು. ಇದರ ಬಗ್ಗೆ ಅರ್ಧ ಗಂಟೆ ಮಾತಾಡಬಹುದಿತ್ತು. ಇರಲಿ.

ತಾರೀಖಿನ ವಿಷಯ. 1984ರ ಡಿಸೆಂಬರ್ 2ರ ರಾತ್ರಿ ಕಳೆದು 3 ಹುಟ್ಟುವಾಗ ಭೋಪಾಲದಲ್ಲಿ ಅನಿಲ ಸೋರಿತು. ಸಾವಿರಾರು ಜನ ಸತ್ತರು. ಆಮೇಲೆ ಪರಿಹಾರದ ಮೊಕದ್ದಮೆಯಲ್ಲಿ, ಆ ಕಾರ್ಖಾನೆಯ ಹಿಂದಿದ್ದ ಕಂಪನಿ ಯೂನಿಯನ್ ಕಾರ್ಬೈಡ್ ಪರ ನಿಂತವರು ನಾರಿಮನ್. 1989ರ ಫೆಬ್ರವರಿಯಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು. ಬಹಳ ವರ್ಷದ ಮೇಲೆ ಅವರೇ ಹೇಳಿದರು: ಮುಂದೆ ತಿಳಿದದ್ದೆಲ್ಲ ಆಗಲೇ ತಿಳಿದಿದ್ದರೆ ಆ ಕೇಸು ಹಿಡಿಯುತ್ತಿರಲಿಲ್ಲ. ನನಗೆ ಈ ‘ತಿಳಿದಿದ್ದರೆ’ ಗಂಟಲಿನಲ್ಲಿ ಇಳಿಯೋದಿಲ್ಲ. ಹೆಣಗಳ ಫೋಟೋ ಪೇಪರಿನಲ್ಲಿ ನಾನೇ ನೋಡಿದ್ದೆ, ಮಂಡ್ಯದಲ್ಲಿ ಕೂತು. ಈಗ ತಾನೆ ನಾನೇ ಹೇಳಿದ ಬಾರ್ ಕೌನ್ಸಿಲ್ ನಿಯಮ ಅವರ ಕಡೆಗಿದೆ, ಕಾರ್ಬೈಡಿಗೂ ಒಬ್ಬ ವಕೀಲ ಬೇಕು, ಗೊತ್ತು. ಆದರೆ ಅಣೆಕಟ್ಟಿನ ಕಡತವನ್ನು ಬೈಬಲ್ಲಿಗಾಗಿ ವಾಪಸ್ ಕೊಡಬಲ್ಲವರು ಇದನ್ನು ಯಾಕೆ ಕೊಡಲಿಲ್ಲ?

ಇಷ್ಟು ಕೇಳೋ ಹಕ್ಕು ನನಗಿದೆಯೋ ಇಲ್ಲವೋ. ನನ್ನ ಆಫೀಸಿನ ಬೀರುವಿನಲ್ಲೂ ಅಂಥದ್ದೊಂದು ಕಡತ ಇದೆ. ಗೆದ್ದ ಕೇಸೇ. ಅದರ ಬಗ್ಗೆ ಊಟ ಆದಮೇಲೂ ಹೇಳೋದಿಲ್ಲ, ಕೇಳಬೇಡಿ.