ಪ್ರೋಗ್ರಾಂ ಇಲ್ಲದ ಡಿಜಿಟಲ್ ಗಡಿಯಾರ: ಹನ್ನೆರಡು ಐಸಿಗಳಲ್ಲಿ ಇಪ್ಪತ್ನಾಲ್ಕು ಗಂಟೆ

[ದೃಶ್ಯ: ಮೇಜಿನ ಮೇಲೆ ಬ್ರೆಡ್‌ಬೋರ್ಡುಗಳು. ಆರು ಕೆಂಪು ಅಂಕಿಗಳು ಓಡುತ್ತಿವೆ.]

ನಮಸ್ಕಾರ. ನೀವು ನೋಡುತ್ತಿರುವ ಈ ಗಡಿಯಾರದಲ್ಲಿ ಪ್ರೋಗ್ರಾಂ ನಡೆಸುವ ಚಿಪ್ ಆದ ಮೈಕ್ರೋಕಂಟ್ರೋಲರ್ ಇಲ್ಲ, ಒಂದು ಸಾಲಿನ ಪ್ರೋಗ್ರಾಂ ಕೂಡ ಇಲ್ಲ. ಇರುವುದು ಹನ್ನೆರಡು ಲಾಜಿಕ್ ಐಸಿಗಳು, ಅಂದರೆ ಒಂದೊಂದು ನಿಗದಿತ ಕೆಲಸ ಮಾಡುವ ಸಣ್ಣ ಚಿಪ್‌ಗಳು: ಒಂದು 4060, ಒಂದು 4013, ಮೂರು 4518, ಆರು 4511 ಮತ್ತು ಒಂದು 4081. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಡಿಯಲ್ಲಿ ಎಲೆಕ್ಟ್ರಾನಿಕ್ಸ್ ಓದುವ ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ವಿದ್ಯಾರ್ಥಿಗಳು ಲ್ಯಾಬಿನಲ್ಲಿ ಕೌಂಟರ್ ಜೋಡಿಸಿ, ಫಲಿತಾಂಶ ತೋರಿಸಿ, ತಂತಿ ಬಿಚ್ಚಿಡುತ್ತಾರೆ. ಅದೇ ಕೌಂಟರ್ ದಿನದ 86,400 ಸೆಕೆಂಡುಗಳನ್ನು ತಪ್ಪದೆ ಎಣಿಸುವಂತೆ ಮಾಡಲು ಏನೇನು ಬೇಕು ಎಂಬುದು ಮನೆಯಲ್ಲಿ ಕಟ್ಟಿದಾಗಲೇ ತಿಳಿಯುತ್ತದೆ.

[ದೃಶ್ಯ: ಕ್ರಿಸ್ಟಲ್ ಮತ್ತು 4060 ಐಸಿ ಹತ್ತಿರದಿಂದ.]

ಮೊದಲು ಸೆಕೆಂಡನ್ನು ತಯಾರಿಸಿಕೊಳ್ಳಬೇಕು. ಕೈಗಡಿಯಾರದೊಳಗಿರುವ ಈ ಸಣ್ಣ ಕ್ರಿಸ್ಟಲ್ ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಈ ಸಂಖ್ಯೆಯನ್ನು ಹದಿನೈದು ಬಾರಿ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಉಳಿಯುತ್ತದೆ. 4060 ಐಸಿ ಕ್ರಿಸ್ಟಲನ್ನು ಕಂಪಿಸುವಂತೆ ಮಾಡುವುದಲ್ಲದೆ ಹದಿನಾಲ್ಕು ಬಾರಿ ಅರ್ಧ ಮಾಡಿ, 3ನೇ ಪಿನ್ನಿನಲ್ಲಿ 2 ಹರ್ಟ್ಸ್ ಕೊಡುತ್ತದೆ. ಉಳಿದ ಒಂದು ಅರ್ಧವನ್ನು, ಎರಡು ಪಲ್ಸ್ ಬಂದರೆ ಒಂದನ್ನು ಕೊಡುವಂತೆ ಜೋಡಿಸಿದ 4013ರ ಒಂದು ಫ್ಲಿಪ್‌ಫ್ಲಾಪ್ ಮಾಡುತ್ತದೆ. ಮನೆಯ ಕರೆಂಟಿನ 50 ಹರ್ಟ್ಸನ್ನೇ ಭಾಗಿಸಿ ಸೆಕೆಂಡ್ ಪಡೆಯುವವರೂ ಇದ್ದಾರೆ, ಆದರೆ ಅದನ್ನು ನಾನು ಸೂಚಿಸುವುದಿಲ್ಲ. ನಮ್ಮ ದೇಶದ ಗ್ರಿಡ್ ನಿಯಮದ ಪ್ರಕಾರ ಆವರ್ತನ 49.90ರಿಂದ 50.05ರ ನಡುವೆ ಇರಬಹುದು. ಒಂದು ಗಂಟೆ 49.90ರಲ್ಲೇ ನಿಂತರೆ ಗಡಿಯಾರ ಏಳು ಸೆಕೆಂಡಿಗಿಂತ ಹೆಚ್ಚು ಹಿಂದೆ ಬೀಳುತ್ತದೆ. ಕರೆಂಟ್ ಹೋದರಂತೂ ಎಣಿಕೆಯೇ ನಿಲ್ಲುತ್ತದೆ.

[ದೃಶ್ಯ: 4518ರ ನಾಲ್ಕು ಔಟ್‌ಪುಟ್‌ಗಳಿಗೆ ಜೋಡಿಸಿದ ನಾಲ್ಕು ಎಲ್‌ಇಡಿಗಳು.]

ಈಗ ಎಣಿಕೆಗೆ ಬರೋಣ. ಒಂದೊಂದು 4518ರಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಎಣಿಸುವ ಎರಡು ಕೌಂಟರ್‌ಗಳಿವೆ. ಬಿಡಿ ಸ್ಥಾನದ ಕೌಂಟರ್ 9 ದಾಟಿ 0 ಆದಾಗ ಹತ್ತರ ಸ್ಥಾನ ಒಂದು ಹೆಚ್ಚಬೇಕು. ಕೌಂಟರಿನ ನಾಲ್ಕು ಔಟ್‌ಪುಟ್‌ಗಳು ಕ್ಯೂ1ರಿಂದ ಕ್ಯೂ4; ಎಣಿಕೆಯನ್ನು ಬೈನರಿಯಲ್ಲಿ ತೋರಿಸುವ ಅವುಗಳ ಬೆಲೆ ಕ್ರಮವಾಗಿ 1, 2, 4, 8. ಎಂಟು ಮತ್ತು ಒಂಬತ್ತರಲ್ಲಿ ಮಾತ್ರ ಉರಿಯುವ ಕ್ಯೂ4 ಎಲ್‌ಇಡಿಯನ್ನು ಗಮನಿಸಿ. ಆ ಸಿಗ್ನಲನ್ನು ಮುಂದಿನ ಕೌಂಟರಿನ ಕ್ಲಾಕ್ ಪಿನ್ನಿಗೆ ಕೊಟ್ಟರೆ ಅದು ಏರುವಾಗಲೇ ಎಣಿಸಿಬಿಡುತ್ತದೆ; 07ರ ನಂತರ ನೇರವಾಗಿ 18 ಕಾಣಿಸುತ್ತದೆ. ಆದ್ದರಿಂದ ಕ್ಲಾಕ್ ಪಿನ್ನನ್ನು ಗ್ರೌಂಡಿಗೆ ಸೇರಿಸಿ, ಸಿಗ್ನಲನ್ನು ಎನೇಬಲ್ ಪಿನ್ನಿಗೆ ಕೊಡಬೇಕು. ಆಗ ಸಿಗ್ನಲ್ ಇಳಿಯುವ ಕ್ಷಣದಲ್ಲಿ, ಅಂದರೆ ಸರಿಯಾಗಿ 9ರಿಂದ 0ಗೆ ಹೋಗುವಾಗ, ಎಣಿಕೆ ಮುಂದೆ ಸಾಗುತ್ತದೆ.

ಈ ಗಡಿಯಾರದಲ್ಲಿ ನನಗೆ ಬಹಳ ಇಷ್ಟವಾದ ಭಾಗವೆಂದರೆ ಅರವತ್ತಕ್ಕೆ ಸೊನ್ನೆಯಾಗುವ ಜಾಗ. 4518ಗೆ ಅರವತ್ತರ ಅರಿವಿಲ್ಲ, ಅದನ್ನು ನಾವೇ ಕಲಿಸಬೇಕು. ಹತ್ತರ ಸ್ಥಾನದ ಕೌಂಟರಿನಲ್ಲಿ ಆರು ಬಂದರೆ ಅರವತ್ತಾಯಿತು. ಆರು ಎಂದರೆ ಬೈನರಿಯಲ್ಲಿ 0110. ಸೊನ್ನೆಯಿಂದ ಆರರವರೆಗೆ ಎಣಿಸುವಾಗ ಕ್ಯೂ2 ಮತ್ತು ಕ್ಯೂ3 ಒಟ್ಟಿಗೆ ಉರಿಯುವುದು ಆರರಲ್ಲಿ ಮಾತ್ರ. ಅವೆರಡನ್ನೂ 4081ರ ಒಂದು ಆಂಡ್ ಗೇಟಿಗೆ (ಎರಡೂ ಇನ್‌ಪುಟ್ ಬಂದಾಗ ಮಾತ್ರ ಔಟ್‌ಪುಟ್ ಕೊಡುವ ಗೇಟ್) ಕೊಟ್ಟು, ಗೇಟಿನ ಔಟ್‌ಪುಟ್ಟನ್ನು ಅದೇ ಕೌಂಟರನ್ನು ಸೊನ್ನೆಗೆ ತರುವ ರೀಸೆಟ್ ಪಿನ್ನಿಗೆ ಜೋಡಿಸಿದರೆ, ಆರು ಹುಟ್ಟಿದ ಕೂಡಲೇ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಕಣ್ಣಿಗೆ ಕಾಣುವುದು 59, ಆಮೇಲೆ 00. ಇನ್ನೂ ಸೊಗಸಾದ ಸಂಗತಿಯೆಂದರೆ, ನಾಲ್ಕರಿಂದ ಉರಿಯುತ್ತಿದ್ದ ಕ್ಯೂ3 ಆ ರೀಸೆಟ್ಟಿನಿಂದಲೇ ಆರುತ್ತದೆ. ನಿಮಿಷವನ್ನು ಮುಂದೆ ತಳ್ಳಲು ಬೇಕಾದ ಇಳಿಯುವ ಸಿಗ್ನಲ್ ನಮಗೆ ಬೇರೆ ಐಸಿಯ ಹಂಗಿಲ್ಲದೆ ದೊರೆಯುತ್ತದೆ. ನಿಮಿಷಕ್ಕೂ ಇದೇ ಜೋಡಣೆ. ಗಂಟೆಗೆ ಮಾತ್ರ ಹತ್ತರ ಸ್ಥಾನದ ಕ್ಯೂ2 ಮತ್ತು ಬಿಡಿ ಸ್ಥಾನದ ಕ್ಯೂ3 ಸೇರಿದಾಗ 24 ಎಂದು ತಿಳಿದು ಎರಡನ್ನೂ ಒಟ್ಟಿಗೆ ರೀಸೆಟ್ ಮಾಡಬೇಕು. ನಾಲ್ಕನೆಯ ಆಂಡ್ ಗೇಟ್ ಉಳಿಯುತ್ತದೆ. ಅದರ ಇನ್‌ಪುಟ್‌ಗಳನ್ನು ಎಲ್ಲಿಗೂ ಜೋಡಿಸದೆ ತೇಲಲು ಬಿಡದೆ ಗ್ರೌಂಡಿಗೆ ಸೇರಿಸಿ. ಇಲ್ಲಿ ಬಳಸಿದಂಥ ಸಿಮಾಸ್ ಐಸಿಗಳ ವಿಷಯದಲ್ಲಿ ಇದು ಕಡ್ಡಾಯ.

[ದೃಶ್ಯ: ಡಿಸ್‌ಪ್ಲೇಯಲ್ಲಿ 6 ಮತ್ತು 9.]

ಅಂಕಿ ತೋರಿಸುವ ಕೆಲಸ 4511ರದು. ಕಾಮನ್ ಕ್ಯಾಥೋಡ್ ಡಿಸ್‌ಪ್ಲೇ (ಎಲ್ಲ ಸೆಗ್ಮೆಂಟುಗಳ ಋಣ ತುದಿ ಒಂದೇ ಆಗಿರುವುದು) ತಂದು, ಪ್ರತಿ ಸೆಗ್ಮೆಂಟಿಗೂ 470 ಓಮ್‌ನ ರೆಸಿಸ್ಟರ್ ಹಾಕಿದರೆ ಸಾಕು. ಇಲ್ಲಿ 6ರ ನೆತ್ತಿಯ ಗೆರೆಯೂ 9ರ ಬುಡದ ಗೆರೆಯೂ ಇಲ್ಲ. ಸೆಗ್ಮೆಂಟ್ ಕೆಟ್ಟಿದೆಯೆಂದು ತಿಳಿಯಬೇಡಿ, 4511 ಬರೆಯುವ ರೀತಿಯೇ ಹಾಗೆ.

ಸಮಯ ಹೊಂದಿಸಲು ನಿಮಿಷದ ಕೌಂಟರಿಗೆ ಸ್ವಲ್ಪ ಹೊತ್ತು ಆ 2 ಹರ್ಟ್ಸ್ ಸಿಗ್ನಲನ್ನೇ ಸ್ವಿಚ್ಚಿನ ಮೂಲಕ ತಿರುಗಿಸಿ.

ಕರೆಂಟ್ ಹೋದಾಗ ಸಮಯ ಉಳಿಯಬೇಕಾದರೆ 5 ವೋಲ್ಟಿನ ಅಡಾಪ್ಟರ್ ಮತ್ತು ಮೂರು ಪೆನ್ಸಿಲ್ ಸೆಲ್‌ಗಳನ್ನು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದೊಂದು ಶಾಟ್‌ಕಿ ಡಯೋಡಿನ ಮೂಲಕ ಐಸಿಗಳಿಗೆ ಕೊಡಿ. 4511ಗಳ ಬ್ಲ್ಯಾಂಕಿಂಗ್ (ಅಂಕಿ ಆರಿಸುವ) ಪಿನ್ನನ್ನು 10 ಕಿಲೋಓಮ್ ರೆಸಿಸ್ಟರಿನ ಮೂಲಕ ಡಯೋಡಿಗಿಂತ ಮೊದಲಿನ ಅಡಾಪ್ಟರ್ ತಂತಿಗೆ ಜೋಡಿಸಿ, ಆ ತಂತಿಯಿಂದ ಗ್ರೌಂಡಿಗೆ ಒಂದು ರೆಸಿಸ್ಟರ್ ಹಾಕಿದರೆ, ಕರೆಂಟ್ ಹೋದೊಡನೆ ಅಂಕಿಗಳು ಆರುತ್ತವೆ, ಎಣಿಕೆ ಮಾತ್ರ ಸೆಲ್ಲಿನ ಮೇಲೆ ನಡೆಯುತ್ತಿರುತ್ತದೆ.

[ದೃಶ್ಯ: ಟ್ರಿಮ್ಮರನ್ನು ತಿರುಗಿಸುತ್ತಿರುವ ಸಣ್ಣ ಸ್ಕ್ರೂಡ್ರೈವರ್.]

ಕೊನೆಯದಾಗಿ ನಿಖರತೆ. ಈ ಕ್ರಿಸ್ಟಲ್ ಸುಮಾರು 25 ಡಿಗ್ರಿ ಉಷ್ಣತೆಯಲ್ಲಿ ಅತಿ ವೇಗವಾಗಿ ಕಂಪಿಸುತ್ತದೆ. ಬಿಸಿಯಾದರೂ ತಣ್ಣಗಾದರೂ ನಿಧಾನವಾಗುತ್ತದೆ. ವಿಜಯಪುರದ ಬೇಸಿಗೆಯ 40 ಡಿಗ್ರಿಯಲ್ಲೇ ಇಟ್ಟರೆ ದಿನಕ್ಕೆ ಸುಮಾರು 0.7 ಸೆಕೆಂಡ್ ಹಿಂದೆ ಬೀಳುತ್ತದೆ. ಕ್ರಿಸ್ಟಲಿನ ಒಂದು ಕಾಲಿಗೆ ಸ್ಥಿರ ಕೆಪ್ಯಾಸಿಟರಿನ ಬದಲು ತಿರುಗಿಸಿ ಬೆಲೆ ಬದಲಿಸಬಹುದಾದ ಕೆಪ್ಯಾಸಿಟರ್, ಅಂದರೆ ಟ್ರಿಮ್ಮರ್ ಹಾಕಿದರೆ ಇದನ್ನು ಸರಿದೂಗಿಸಬಹುದು: ಗಡಿಯಾರ ಹಿಂದೆ ಬೀಳುತ್ತಿದ್ದರೆ ಕೆಪ್ಯಾಸಿಟನ್ಸ್ ಕಡಿಮೆ ಮಾಡಿ, ಮುಂದೆ ಓಡುತ್ತಿದ್ದರೆ ಹೆಚ್ಚಿಸಿ. ಆವರ್ತನ ಅಳೆಯುವಾಗ ಮೀಟರಿನ ಪ್ರೋಬನ್ನು 4060ರ 10 ಮತ್ತು 11ನೇ ಪಿನ್ನುಗಳಿಗೆ ತಾಗಿಸಬೇಡಿ, ಏಕೆಂದರೆ ಪ್ರೋಬಿನ ಕೆಪ್ಯಾಸಿಟನ್ಸೇ ಆವರ್ತನವನ್ನು ಬದಲಿಸುತ್ತದೆ. 9ನೇ ಪಿನ್ನಿನಲ್ಲಿ ಅಳೆಯಿರಿ. ಮೀಟರ್ ಇಲ್ಲದವರು ಮೊಬೈಲಿನ ಸಮಯಕ್ಕೆ ಹೊಂದಿಸಿಟ್ಟು, ಒಂದು ವಾರ ಬಿಟ್ಟು ವ್ಯತ್ಯಾಸ ನೋಡಿ ಟ್ರಿಮ್ಮರನ್ನು ತುಸುವೇ ತಿರುಗಿಸಬೇಕು.