ಬ್ರೂಸ್ ಲೀ ಮತ್ತು ರಮೋನ್ಸ್: ಹೆಸರು ಯಾರ ಸೊತ್ತು?

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಸಭಿಕರೇ,

ಕುಂಗ್‌ಫು ನಟ ಬ್ರೂಸ್ ಲೀ ಮತ್ತು ಪಂಕ್ ಎಂಬ ಸರಳ, ವೇಗದ ರಾಕ್ ಸಂಗೀತ ನುಡಿಸಿದ ನ್ಯೂಯಾರ್ಕಿನ ತಂಡ ರಮೋನ್ಸ್ ಒಬ್ಬರನ್ನೊಬ್ಬರು ಕಂಡವರಲ್ಲ. 1973ರ ಜುಲೈ 20ರಂದು ಲೀ ಹಾಂಗ್‌ಕಾಂಗ್‌ನಲ್ಲಿ ತೀರಿಕೊಂಡಾಗ ಆ ತಂಡ ಇನ್ನೂ ಹುಟ್ಟಿರಲಿಲ್ಲ. ಲೀ ಚಿತ್ರರಂಗದಲ್ಲಿ ದೊಡ್ಡ ತಾರೆಯಾಗಿ ಉಳಿದದ್ದು ಎರಡು ವರ್ಷಕ್ಕಿಂತ ಕಡಿಮೆ. ರಮೋನ್ಸ್ ಊರೂರು ಅಲೆದು ಹಾಡಿದ್ದು 22 ವರ್ಷ. ಇಷ್ಟು ದೂರದ ಎರಡು ವೃತ್ತಿಜೀವನಗಳನ್ನು ಇಂದು ಒಂದೇ ಮಾತಿನಲ್ಲಿ ಹಿಡಿಯಲು ಹೊರಟಿರುವುದಕ್ಕೆ ಕಾರಣವಿದೆ. ಇಬ್ಬರೂ ತಮ್ಮ ಕಲೆಯಿಂದ ಒಂದೊಂದನ್ನೇ ಕಳಚುತ್ತಾ ಹೋದರು. ಕಳಚಿದ ಮೇಲೆ ಉಳಿದದ್ದು ಎಷ್ಟು ಸರಳವಾಗಿ ಕಂಡಿತೆಂದರೆ, ಅದನ್ನು ತೊಟ್ಟುಕೊಳ್ಳಲು ಯಾರು ಬೇಕಾದರೂ ಮುಂದೆ ಬರುವಂತಾಯಿತು.

ಲೀ 1940ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಹುಟ್ಟಿ, ಹಾಂಗ್‌ಕಾಂಗ್‌ನಲ್ಲಿ ಬೆಳೆದವನು. ತಂದೆ ಕ್ಯಾಂಟನೀಸ್ ಸಂಗೀತ ನಾಟಕದ ನಟರು. ಮಗ ಹುಡುಗನಿದ್ದಾಗಲೇ ಸಿನಿಮಾಗಳಲ್ಲಿ ನಟಿಸುತ್ತಿದ್ದ. ಗುರು ಇಪ್ ಮ್ಯಾನ್ ಅವರ ಬಳಿ ವಿಂಗ್ ಚುನ್ ಎಂಬ ಕುಂಗ್‌ಫು ಪದ್ಧತಿ ಕಲಿತ, 1958ರಲ್ಲಿ ಚಾ-ಚಾ ನೃತ್ಯದ ಸ್ಪರ್ಧೆಯನ್ನೂ ಗೆದ್ದ. ಅವನ ಕಾಲಿನ ಲಯದ ಬಗ್ಗೆ ಮಾತಾಡುವವರು ಆ ನೃತ್ಯವನ್ನು ಮರೆಯಬಾರದು ಎಂಬುದು ನನ್ನ ಅಭಿಪ್ರಾಯ. ಅಮೆರಿಕಕ್ಕೆ ಹೋದ ಮೇಲೆ 1966ರಲ್ಲಿ ಒಂದು ಟಿವಿ ಧಾರಾವಾಹಿಯಲ್ಲಿ ನಾಯಕನ ಕಾರು ಓಡಿಸುವ ಕೇಟೊನ ಪಾತ್ರ ಸಿಕ್ಕಿತು. 26 ಕಂತುಗಳಿಗೆ ಅದು ಮುಗಿಯಿತು. ಹಾಲಿವುಡ್ ಅವನಿಗೆ ನಾಯಕನ ಸ್ಥಾನ ಕೊಡಲು ಸಿದ್ಧವಿರಲಿಲ್ಲ. ಆಗ ಅವನನ್ನು ಕೈಹಿಡಿದು ನಿಲ್ಲಿಸಿದ್ದು ಹಾಂಗ್‌ಕಾಂಗ್‌ನ ಹೊಸ ಸಂಸ್ಥೆ ಗೋಲ್ಡನ್ ಹಾರ್ವೆಸ್ಟ್. ಎರಡು ಚಿತ್ರಗಳಿಗೆ ಸೇರಿ 15,000 ಡಾಲರ್ ಎಂದು ಒಪ್ಪಂದವಾಯಿತು. ಮೊದಲನೆಯದು 1971ರ ‘ದಿ ಬಿಗ್ ಬಾಸ್’. ಇಂದು ಆ ಹೆಸರು ಹೇಳಿದರೆ ನಮ್ಮ ಮನೆಗಳಲ್ಲಿ ಬೇರೆಯೇ ಕಾರ್ಯಕ್ರಮ ನೆನಪಾಗುತ್ತದೆ, ಇರಲಿ.

ಲೀ ಏನನ್ನು ಕಳಚಿದ ಎಂಬುದನ್ನು ಅವನೇ ಬರೆದು ನಿರ್ದೇಶಿಸಿದ 1972ರ ‘ವೇ ಆಫ್ ದಿ ಡ್ರ್ಯಾಗನ್’ ಚಿತ್ರದ ಕೊನೆಯ ಕಾಳಗದಲ್ಲಿ ಕಾಣಬಹುದು. ರೋಮಿನ ಕೊಲೋಸಿಯಂನಲ್ಲಿ ಎದುರಾಳಿಯಾಗಿ ನಿಂತವನು ಚಕ್ ನಾರಿಸ್. ಇಬ್ಬರೂ ಮೊದಲು ಬೆರಳು, ಕುತ್ತಿಗೆ, ಬೆನ್ನು ಸಡಿಲಿಸಿಕೊಳ್ಳುತ್ತಾರೆ. ಒಂದು ಬೆಕ್ಕಿನ ಮರಿ ನೋಡುತ್ತಿರುತ್ತದೆ. ಆರಂಭದಲ್ಲಿ ಲೀ ಪೆಟ್ಟು ತಿಂದು ಬೀಳುತ್ತಾನೆ. ಆಮೇಲೆ ಕಲಿತ ನಿಲುವನ್ನು ಬಿಟ್ಟು, ಮಹಮ್ಮದ್ ಅಲಿಯ ಹಾಗೆ ಕಾಲ ತುದಿಯಲ್ಲಿ ಕುಣಿಯಲು ತೊಡಗುತ್ತಾನೆ. ಹೊಡೆತಕ್ಕೆ ಸಿಗುವುದೇ ಇಲ್ಲ. ಹಾರಿ ಗಾಳಿಯಲ್ಲಿ ತೇಲುವ ತಂತಿಯ ಚಮತ್ಕಾರವಿಲ್ಲ, ಕತ್ತಿಯಿಲ್ಲ. ಇಡೀ ಮೈ ಕಾಣುವಂತೆ ಕ್ಯಾಮೆರಾ ಹಿಂದೆ ಸರಿದು ನಿಲ್ಲುತ್ತದೆ. 1967ರಲ್ಲಿ ತನ್ನ ಕಾಳಗದ ಪದ್ಧತಿಗೆ ಜೀತ್ ಕುನ್ ಡೋ ಎಂದು ಹೆಸರಿಟ್ಟಾಗಿನಿಂದ ಅವನು ಹೇಳುತ್ತಾ ಬಂದ ತತ್ತ್ವವೇ, ಅಂದರೆ ಉಪಯೋಗಕ್ಕೆ ಬಾರದ್ದನ್ನು ಬಿಡಬೇಕೆಂಬ ಮಾತೇ, ಇಲ್ಲಿ ಕಥೆಯಾಗಿದೆ.

ಈಗ ನ್ಯೂಯಾರ್ಕಿಗೆ ಬರೋಣ. 1974ರಲ್ಲಿ ಕ್ವೀನ್ಸ್ ಭಾಗದ ಫಾರೆಸ್ಟ್ ಹಿಲ್ಸ್‌ನ ನಾಲ್ವರು ಹುಡುಗರು ತಂಡ ಕಟ್ಟಿದರು. ರಾಕ್ ಸಂಗೀತ ಆಗ ಹತ್ತು ನಿಮಿಷದ ಗಿಟಾರ್ ಸೋಲೊಗಳಲ್ಲಿ, ಅಂದರೆ ಒಬ್ಬನೇ ಮೆರೆಯುವ ವಾದನದಲ್ಲಿ, ಮುಳುಗಿತ್ತು. ಇವರು ಸೋಲೊವನ್ನೇ ತೆಗೆದುಹಾಕಿದರು. 1976ರ ಫೆಬ್ರವರಿಯಲ್ಲಿ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್ ಕಟ್ಟಡದೊಳಗಿನ ಸ್ಟುಡಿಯೊದಲ್ಲಿ ಸುಮಾರು ಒಂದು ವಾರ, 6,400 ಡಾಲರ್ ಖರ್ಚಿನಲ್ಲಿ ಮೊದಲ ಆಲ್ಬಂ ಮುಗಿಯಿತು: 14 ಹಾಡು, ಅರ್ಧ ಗಂಟೆಗೂ ಕಡಿಮೆ ಅವಧಿ. ಬಾಸ್ ಎಂಬ ಮಂದ್ರ ಸ್ವರದ ಗಿಟಾರ್ ಒಂದು ಕಿವಿಗೆ, ಗಿಟಾರ್ ಇನ್ನೊಂದು ಕಿವಿಗೆ ಕೇಳುವಂತೆ ಧ್ವನಿಮುದ್ರಿಸಲಾಗಿತ್ತು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು 111ನೆಯ ಸ್ಥಾನಕ್ಕಿಂತ ಮೇಲೇರಲಿಲ್ಲ.

ಕೇಳಿದವರಿಗೆ ಮಾತ್ರ ‘ಇಷ್ಟೇನಾ, ಇದನ್ನು ನಾವೂ ನುಡಿಸಬಹುದು’ ಎನಿಸಿತು. ಆ ವರ್ಷ ಜುಲೈ 4ರಂದು ಅವರು ಲಂಡನ್ನಿನ ರೌಂಡ್‌ಹೌಸ್‌ನಲ್ಲಿ ನುಡಿಸಿದ ಮರುದಿನವೇ ಬ್ರಿಟಿಷ್ ಪಂಕ್ ಹುಟ್ಟಿತೆಂದು ಹೇಳುವ ವಾಡಿಕೆಯಿದೆ. ಇದು ಅರ್ಧ ಸತ್ಯ. ಅಲ್ಲಿನದೇ ಪಂಕ್ ತಂಡ ಸೆಕ್ಸ್ ಪಿಸ್ಟಲ್ಸ್ ಹಿಂದಿನ ವರ್ಷವೇ ವೇದಿಕೆ ಹತ್ತಿದ್ದರು. ಅಲ್ಲಿನ ಇನ್ನೊಂದು ತಂಡ ದಿ ಕ್ಲ್ಯಾಷ್ ಅದೇ ಜುಲೈ 4ರ ಸಂಜೆ ಶೆಫೀಲ್ಡ್‌ನಲ್ಲಿ ತಮ್ಮ ಮೊದಲ ಪ್ರದರ್ಶನ ಕೊಡುತ್ತಿತ್ತು. ರಮೋನ್ಸ್ ಹುಟ್ಟಿಸಿದರು ಎನ್ನುವುದಕ್ಕಿಂತ ಧೈರ್ಯ ಕೊಟ್ಟರು ಎನ್ನುವುದು ಸರಿ.

ಆದರೆ ನುಡಿಸಬಹುದು ಎನಿಸುವುದು ಬೇರೆ, ನುಡಿಸುವುದು ಬೇರೆ. ಗಿಟಾರ್ ವಾದಕ ಜಾನಿ ರಮೋನ್ ಕೈಯನ್ನು ಮೇಲಕ್ಕೂ ಕೆಳಕ್ಕೂ ಆಡಿಸದೆ, ಪ್ರತಿಯೊಂದು ಮೀಟನ್ನೂ ಮೇಲಿನಿಂದ ಕೆಳಕ್ಕೇ ಹೊಡೆಯುತ್ತಿದ್ದ. ಆ ವೇಗದಲ್ಲಿ, ಒಂದು ಹಾಡಿನ ಬೆನ್ನಿಗೇ ಇನ್ನೊಂದು ಹಾಡೆತ್ತಿಕೊಂಡು ಅದನ್ನು ಮಾಡಿ ನೋಡಿದವರ ಮುಂಗೈ ಬೇಗ ಸೋಲುತ್ತದೆ. ಲೀಯ ಒದೆತವೂ ಹಾಗೆಯೇ: ಬೀದಿಯ ಮಕ್ಕಳೆಲ್ಲ ಅನುಕರಿಸಿದರು, ಆದರೆ ಆ ಒದೆತದ ಹಿಂದಿದ್ದ ವರ್ಷಗಳ ಅಭ್ಯಾಸ ಯಾರಿಗೂ ಕಾಣಿಸಲಿಲ್ಲ. ನಮ್ಮಲ್ಲಿ ಅಭಿಮಾನಿಗಳು ಶಂಕರ್ ನಾಗ್ ಅವರಿಗೆ ‘ಕರಾಟೆ ಕಿಂಗ್’ ಎಂಬ ಬಿರುದು ಕೊಟ್ಟದ್ದೂ ಲೀಯ ನಂತರ ಎದ್ದ ಆ ದೊಡ್ಡ ಅಲೆಯ ಕಾಲದಲ್ಲೇ.

ಅನುಕರಣೆ ಎಲ್ಲಿಗೆ ಹೋಗಿ ಮುಟ್ಟಿತೆಂಬುದನ್ನು ನೋಡಿದರೆ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ. ಲೀ ಸತ್ತ ಮೇಲೆ ಬ್ರೂಸ್ ಲಿ, ಬ್ರೂಸ್ ಲೆ, ಡ್ರ್ಯಾಗನ್ ಲೀ ಎಂಬ ಹೆಸರಿನ ನಟರು ಸಾಲುಸಾಲಾಗಿ ಬಂದರು. ಅವನು ಅರ್ಧಕ್ಕೆ ಬಿಟ್ಟಿದ್ದ ‘ಗೇಮ್ ಆಫ್ ಡೆತ್’ ಚಿತ್ರವನ್ನು 1978ರಲ್ಲಿ ಬದಲಿ ನಟರನ್ನು ಇಟ್ಟುಕೊಂಡು ಮುಗಿಸಲಾಯಿತು. ಒಂದು ದೃಶ್ಯದಲ್ಲಿ ಬದಲಿ ನಟ ಕನ್ನಡಿಯ ಮುಂದೆ ಕುಳಿತಿದ್ದಾನೆ. ಪ್ರತಿಬಿಂಬದ ಮುಖವಿರಬೇಕಾದ ಜಾಗದಲ್ಲಿ ಲೀಯ ಮುಖದ ಕತ್ತರಿಸಿದ ಚಿತ್ರವನ್ನು ಅಂಟಿಸಿದ್ದಾರೆ. ಅವನ ನಿಜವಾದ ಅಂತ್ಯಕ್ರಿಯೆಯ ದೃಶ್ಯಗಳನ್ನೂ ಕಥೆಗೆ ಸೇರಿಸಿಕೊಂಡರು. ಇದನ್ನು ಗೌರವವೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ರಮೋನ್ಸ್ ಈ ಕೆಲಸವನ್ನು ಬದುಕಿದ್ದಾಗಲೇ, ತಾವಾಗಿಯೇ ಮಾಡಿಕೊಂಡಿದ್ದರು. ಅವರಲ್ಲಿ ಯಾರ ಮನೆತನದ ಹೆಸರೂ ರಮೋನ್ ಅಲ್ಲ. ತಂಡಕ್ಕೆ ಸೇರಿದವರೆಲ್ಲ ಆ ಹೆಸರನ್ನೂ ಚರ್ಮದ ಜಾಕೆಟ್ಟು, ಹರಿದ ಜೀನ್ಸ್‌ಗಳನ್ನೂ ತೊಡುತ್ತಿದ್ದರು. ಡ್ರಮ್ ಪೀಠದಲ್ಲಿ ಟಾಮಿ ಹೋಗಿ ಮಾರ್ಕಿ ಬಂದ, ಅನಂತರ ರಿಚಿ. 1987ರಲ್ಲಿ ಬ್ಲಾಂಡಿ ತಂಡದ ಕ್ಲೆಮ್ ಬರ್ಕ್ ಎರಡೇ ಪ್ರದರ್ಶನಗಳ ಮಟ್ಟಿಗೆ ಎಲ್ವಿಸ್ ರಮೋನ್ ಆಗಿ, ಮಾರ್ಕಿಗೆ ಜಾಗ ಬಿಟ್ಟುಕೊಟ್ಟ. ಗಾಯಕ ಜೋಯಿ ಮತ್ತು ಜಾನಿ ಪರಸ್ಪರ ಮಾತು ಬಿಟ್ಟು ವರ್ಷಗಳೇ ಕಳೆದರೂ ಒಂದೇ ವ್ಯಾನಿನಲ್ಲಿ ಓಡಾಡಿದರು. 1996ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಿಲ್ಲಿಸುವ ಹೊತ್ತಿಗೆ 2,263 ಪ್ರದರ್ಶನಗಳಾಗಿದ್ದವು.

ಹೀಗೆ ಹೆಸರು ವ್ಯಕ್ತಿಯಿಂದ ಬಿಡಿಸಿಕೊಂಡು ಓಡಾಡತೊಡಗಿದಾಗ, ಅದರ ಗಳಿಕೆ ಯಾರಿಗೆ ಸೇರಬೇಕೆಂಬ ಪ್ರಶ್ನೆ ಏಳದೆ ಇರುವುದಿಲ್ಲ. ರಮೋನ್ಸ್ ತಂಡದ ಕಲಾವಿದ ಆರ್ಟುರೊ ವೇಗಾ ಅಮೆರಿಕದ ಅಧ್ಯಕ್ಷರ ಮುದ್ರೆಯನ್ನು ಮಾರ್ಪಡಿಸಿ ರಚಿಸಿದ ಲಾಂಛನದ ಟೀ ಶರ್ಟುಗಳು ತಂಡದ ಆದಾಯಕ್ಕೆ ಆಧಾರವಾಗಿದ್ದವು. ಆ ಹಣದಲ್ಲಿ ಪಾಲು ಕೇಳಿ, ಸಿಗದೆ, ರಿಚಿ 1987ರಲ್ಲಿ ಹೊರನಡೆದ. ಹೆಸರನ್ನು ಹೊತ್ತಿದ್ದ, ಆದರೆ ಒಡೆತನದಲ್ಲಿ ಇರಲಿಲ್ಲ. ಲೀಯ ವಿಷಯದಲ್ಲಿ ಹಕ್ಕು ಕುಟುಂಬದ ಕೈಯಲ್ಲಿದೆ. ಚೀನಾದ ಒಂದು ದೊಡ್ಡ ಫಾಸ್ಟ್‌ಫುಡ್ ಸರಪಳಿಯ ಫಲಕದ ಮೇಲೆ ಹಳದಿ ಉಡುಪಿನ, ಕಾದಾಡುವ ನಿಲುವಿನ ಆಕೃತಿಯೊಂದು ವರ್ಷಗಟ್ಟಲೆ ನಿಂತಿತ್ತು. 2019ರಲ್ಲಿ ಲೀಯ ಮಗಳು ನಡೆಸುವ ಸಂಸ್ಥೆ ಆ ಸರಪಳಿಯ ಮೇಲೆ 21 ಕೋಟಿ ಯುವಾನ್ ಪರಿಹಾರ ಕೋರಿ ಶಾಂಘೈನಲ್ಲಿ ದಾವೆ ಹೂಡಿತು. ರಮೋನ್ಸ್ ಮೊದಲ ಆಲ್ಬಂ ಅಮೆರಿಕದಲ್ಲಿ ಐದು ಲಕ್ಷದ ಮಾರಾಟ ಮುಟ್ಟಿತೆಂಬ ಪ್ರಮಾಣಪತ್ರ ಬಂದದ್ದು 2014ರಲ್ಲಿ, ಬಿಡುಗಡೆಯಾದ 38 ವರ್ಷಗಳ ನಂತರ. ಅದರಲ್ಲಿ ನುಡಿಸಿದ್ದ ನಾಲ್ವರ ಪೈಕಿ ಆಗ ಬದುಕಿದ್ದವನು ಟಾಮಿ ಒಬ್ಬನೇ.